ದೋಟಿ ಹಿಡಿದವನ ಅಪ್ಪ

"ಅಪ್ಪ, ಲಕ್ರಾಸ್ ತಂಡಕ್ಕೆ ಸೇರಿದ್ದೇನೆ. ಕೋಚ್ ಅವರೇ ಕರೆದರು" ಎಂದು ಮಗ ಫೋನಿನಲ್ಲಿ ಹೇಳಿದಾಗ ಲಕ್ರಾಸ್ ಎಂದರೇನು ಎಂದು ನಾನು ಕೇಳಲಿಲ್ಲ. "ಕೋಚ್ ಅವರೇ ಕರೆದರು" ಎಂಬಷ್ಟೇ ನನ್ನ ಕಿವಿಗೆ ಬಿದ್ದಿತ್ತು. ಅಮೆರಿಕದ ಕಾಲೇಜುಗಳಲ್ಲಿ ಆಟಗಾರರಿಗೆ ಶುಲ್ಕ ಮಾಫಿ ಎಂದು ಕಚೇರಿಯ ಕಾಫಿ ಯಂತ್ರದ ಪಕ್ಕದಲ್ಲಿ ವರ್ಷಗಟ್ಟಲೆ ಕೇಳಿಸಿಕೊಂಡವನು ನಾನು. ಆ ರಾತ್ರಿ ಹಳೆಯ ಲಕೋಟೆಯೊಂದರ ಹಿಂದೆ ಲೆಕ್ಕ ಬರೆದೆ. ಉಳಿಯುವ ಹಣದಲ್ಲಿ ಮನೆಯ ಚಾವಣಿ ರಿಪೇರಿಯಾಗಿ, ಊರಿಗೆ ಹೋಗಿಬರುವ ನಾಲ್ಕು ಟಿಕೆಟ್ಟೂ ಬರುತ್ತಿದ್ದವು.

ವಾರ ಕಳೆಯುವಷ್ಟರಲ್ಲಿ ಗೊತ್ತಾಯಿತು. ಮಗನ ಕಾಲೇಜು ಚಿಕ್ಕದು, ಕಾಲೇಜು ಆಟಗಳ ಮೂರು ಹಂತಗಳಲ್ಲಿ ಕೊನೆಯದಾದ ಮೂರನೇ ಡಿವಿಷನ್ನಿನದು. ಆ ಡಿವಿಷನ್ನಿನಲ್ಲಿ ಆಟಕ್ಕೆಂದು ಒಂದು ಡಾಲರ್ ವಿದ್ಯಾರ್ಥಿವೇತನವನ್ನೂ ಕೊಡಬಾರದು ಎಂದು ನಿಯಮವೇ ಇದೆ. ಕೊಡುವುದು ಹೋಗಲಿ, ಕೋಲು, ಬೂಟು, ಬೂಟಿನ ಮೇಲೊಂದು ಬೂಟು ಎಂದು ನಾನೇ ಕೊಡುವುದು ಶುರುವಾಯಿತು. ಕೋಚ್ ಕರೆದದ್ದು ಏಕೆಂದೂ ತಿಳಿಯಿತು. ಮೈದಾನದಲ್ಲಿ ಹತ್ತು ಜನ ಇರಬೇಕು, ಗಾಯಕ್ಕೆ, ಜ್ವರಕ್ಕೆ, ಪರೀಕ್ಷೆಗೆ ಎಂದು ಇನ್ನೊಂದಷ್ಟು ಜನ ಬೇಕು. ತಂಡದಲ್ಲಿದ್ದವರು ಹತ್ತೊಂಬತ್ತು. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದ ಮಗನನ್ನು ಅವರು ಕೇಳಿದ ಪ್ರಶ್ನೆ ಒಂದೇ: "ಓಡಲು ಬರುತ್ತದೆಯೇ?" ನಮ್ಮವನು ಇಪ್ಪತ್ತನೆಯವನಾದ.

ಶಿರಸಿಯ ಹತ್ತಿರದ ಹಳ್ಳಿಯಲ್ಲಿರುವ ಆಯಿಗೆ ವಿಡಿಯೊ ಕರೆಯಲ್ಲಿ ಕೋಲನ್ನು ತೋರಿಸಿದೆವು. ಆಯಿ ಕನ್ನಡಕ ಸರಿಮಾಡಿಕೊಂಡು ನೋಡಿ, "ಇದು ಮಾವು ಕೊಯ್ಯುವ ದೋಟಿಯಲ್ಲವೇನೋ?" ಎಂದಳು. ನನಗೆ ಅಲ್ಲ ಎನ್ನಲಾಗಲಿಲ್ಲ. ಒಂದು ಕೋಲು, ತುದಿಗೆ ಬಾಯಿ ಅಗಲವಾದ ಚೌಕಟ್ಟು, ಅದಕ್ಕೆ ದಾರದಲ್ಲಿ ಹೆಣೆದ ಬಲೆ. ಆ ಬಲೆಯಲ್ಲಿ ಚೆಂಡು ಹಿಡಿದು ಓಡಿ, ಎದುರಿನವರ ಗೋಲಿಗೆ ಎಸೆಯುವುದೇ ಲಕ್ರಾಸ್. ಮುಂದೆ ಆಡುವವರದು 40-42 ಇಂಚು, ಗೋಲು ಕಾಯುವ ಕಡೆಯವರದು ಆರಡಿಯವರೆಗೂ ಇರಬಹುದು. ಆರಡಿಯದಾದರೆ ಕಾಟುಮಾವಿನ ಮರದ ಕೆಳಗಿನ ಕೊಂಬೆಗೆ ಧಾರಾಳವಾಗಿ ಸಾಕು. "ದೋಟಿ ಹಿಡಿದು ಓಡುವುದಕ್ಕೆ ಅಷ್ಟು ದುಡ್ಡು ಕೊಟ್ಟು ಕಾಲೇಜಿಗೆ ಕಳಿಸಿದೆಯಾ?" ಎಂದು ಆಯಿ ಕೇಳಿದಳು. ಮಾತು ತಿರುಗಿಸಲು ನಾನು, "ಚಿಕ್ಕಂದಿನಲ್ಲಿ ನಮ್ಮ ಮನೆಯ ದೋಟಿಗೆಲ್ಲ ಬಲೆ ಕಟ್ಟುತ್ತಿದ್ದವನು ನಾನೇ" ಎಂದು ಮಗನ ಎದುರು ಹೇಳಿಕೊಂಡೆ. ಆಯಿ ಏನೂ ಹೇಳಲಿಲ್ಲ. ಆ ಮೌನವನ್ನು ನಾನು ಆಗಲೇ ಗಮನಿಸಬೇಕಾಗಿತ್ತು.

ಆಯಿಯ ಮನಸ್ಸು ಬದಲಾದದ್ದು ಈ ಆಟದ ಮೂಲ ಕೇಳಿದ ಮೇಲೆ. ನಾವಿರುವುದು ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ಕಡೆ. ನ್ಯೂಯಾರ್ಕ್ ಎಂದೊಡನೆ ಗಗನಚುಂಬಿ ಕಟ್ಟಡ ನೆನೆಯುವವರಿಗೆ ಹೇಳುತ್ತೇನೆ, ಇಲ್ಲಿ ಇರುವುದು ಸೇಬಿನ ತೋಟ, ದನದ ಕೊಟ್ಟಿಗೆ ಮತ್ತು ಹಿಮ. ಹಿಂದೆ ಇದೆಲ್ಲ ಹೌಡೆನೊಸೌನಿ ಜನರ ನೆಲ. ಮೋಹಾಕ್, ಒನೈಡಾ, ಒನೊಂಡಾಗ, ಕಯುಗ, ಸೆನೆಕ, ಟಸ್ಕರೋರ ಎಂಬ ಆರು ಜನಾಂಗಗಳ ಒಕ್ಕೂಟ ಅದು. ಒನೊಂಡಾಗದವರು ಸಿರಾಕ್ಯೂಸ್ ನಗರದ ದಕ್ಷಿಣಕ್ಕೆ ಇಂದಿಗೂ ತಮ್ಮ ನೆಲದಲ್ಲಿದ್ದಾರೆ, ಹಿಕರಿ ಮರವನ್ನು ಬಗ್ಗಿಸಿ ಕೋಲು ಮಾಡುವುದನ್ನು ಇನ್ನೂ ಬಿಟ್ಟಿಲ್ಲ. ಈ ಆಟ ಅವರಿಗೆ ಸೃಷ್ಟಿಕರ್ತ ಕೊಟ್ಟದ್ದು. ಅವನು ನೋಡಿ ಸಂತೋಷಪಡಲಿ ಎಂದು ಆಡುತ್ತಾರೆ, ಕಾಯಿಲೆ ಬಿದ್ದವರು ಏಳಲಿ ಎಂದೂ ಆಡುತ್ತಾರೆ. ಇದನ್ನು ಹೇಳಿದಾಗ ಆಯಿ, "ಹಾಗಾದರೆ ಹರಕೆಯ ಆಟ ಎನ್ನು! ಮೊದಲೇ ಹೇಳಬಾರದಿತ್ತೇ?" ಎಂದಳು. ಅಂದಿನಿಂದ ದೇವರ ಮುಂದೆ ಮೊಮ್ಮಗನ ಹೆಸರಿನಲ್ಲಿ ಒಂದು ಬತ್ತಿ ಹೆಚ್ಚಾಯಿತು.

ಹರಕೆಯನ್ನು ಇಂದಿನ ಆಟವಾಗಿಸಿ 1867ರಲ್ಲಿ ನಿಯಮ ಬರೆದವರು ಮಾಂಟ್ರಿಯಲ್ಲಿನ ವಿಲಿಯಂ ಜಾರ್ಜ್ ಬೀರ್ಸ್. ಅವರು ಹಲ್ಲಿನ ವೈದ್ಯರು. ಹತ್ತು ಹತ್ತು ಜನ ಕೋಲು ಹಿಡಿದು ನುಗ್ಗಾಡುವ ಆಟಕ್ಕೆ ಹಲ್ಲಿನ ವೈದ್ಯರು ತೋರಿದ ಆಸಕ್ತಿಯಲ್ಲಿ ನನಗಂತೂ ದೂರದೃಷ್ಟಿ ಕಾಣುತ್ತದೆ. ಈಗ ಆಟಗಾರರೆಲ್ಲ ಹಲ್ಲಿಗೆ ರಬ್ಬರಿನಂಥ ಕವಚ ಹಾಕಿಕೊಳ್ಳಲೇಬೇಕು. ಅದನ್ನು ಕುದಿಯುವ ನೀರಿನಲ್ಲಿ ಅದ್ದಿ, ಮೆತ್ತಗಾದ ಮೇಲೆ ಕಚ್ಚಿ, ಅವರವರ ಹಲ್ಲಿನ ಅಚ್ಚು ಮೂಡಿಸಿಕೊಳ್ಳಬೇಕು. ಮಗ ಹಾಗೆ ಮಾಡಿ ಪಾತ್ರೆಯನ್ನು ಒಲೆಯ ಮೇಲೆಯೇ ಬಿಟ್ಟು ಹೋಗಿದ್ದ. ನೀರು ಹೇಗೂ ಕಾದಿದೆಯಲ್ಲ ಎಂದು ನಾನು ಅದರಲ್ಲೇ ಡಿಕಾಕ್ಷನ್ ಇಳಿಸಿದೆ. ಆ ಕಾಫಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸೈಕಲ್ ಟ್ಯೂಬಿಗೆ ಪಂಕ್ಚರ್ ಹಾಕುವ ಅಂಗಡಿಯಲ್ಲಿ ಕುಳಿತು ಕುಡಿದಂತಿತ್ತು.

ಮೊದಲ ಪಂದ್ಯ ಫೆಬ್ರವರಿಯ ಕೊನೆಯಲ್ಲಿ. ಲಕ್ರಾಸನ್ನು ಇವರು ವಸಂತ ಋತುವಿನ ಆಟ ಎನ್ನುತ್ತಾರೆ. ಇಲ್ಲಿಗೆ ಹಿಮ ಕಳಿಸುವ ಒಂಟಾರಿಯೊ ಸರೋವರಕ್ಕೆ ಈ ವಿಷಯವನ್ನು ಯಾರೂ ತಿಳಿಸಿಲ್ಲ. ಮೈದಾನದ ಹಿಮವನ್ನು ಯಂತ್ರದಲ್ಲಿ ತಳ್ಳಿ ನಾಲ್ಕೂ ಕಡೆ ಗೋಡೆಯಂತೆ ಪೇರಿಸಿದ್ದರು, ನಾವು ಆ ಗೋಡೆಗೆ ಒರಗಿಕೊಂಡು ಕುಳಿತೆವು. ಹೆಂಡತಿ ಸೀರೆಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ನನ್ನ ಕೋಟು ಹಾಕಿದ್ದಳು. ನಾನು ಏನು ಹಾಕಿದ್ದೆ ಎಂದು ಯಾರೂ ಕೇಳಲಿಲ್ಲ.

ಎರಡನೇ ಕ್ವಾರ್ಟರಿನಲ್ಲಿ ನಮ್ಮ ಬೆಂಚಿನವರೆಲ್ಲ ಒಟ್ಟಿಗೆ "ಮ್ಯಾನ್ ಡೌನ್! ಮ್ಯಾನ್ ಡೌನ್!" ಎಂದು ಕೂಗಿದರು. ಪಕ್ಕಕ್ಕೆ ತಿರುಗಿ ನೋಡುತ್ತೇನೆ, ಹೆಂಡತಿ ಇಲ್ಲ. ಕೈಚೀಲದಿಂದ ಅಮೃತಾಂಜನ ತೆಗೆದುಕೊಂಡು ಹಿಮದ ಗೋಡೆ ಹತ್ತಿ ಇಳಿದು ಆಟಗಾರರ ಬೆಂಚಿನವರೆಗೆ ತಲುಪಿಯಾಗಿತ್ತು. ಸಹಾಯಕ ಕೋಚ್ ಎರಡೂ ಕೈ ಅಗಲಿಸಿ ತಡೆದು, ಯಾರಿಗೂ ಏನೂ ಆಗಿಲ್ಲ ಎಂದರು. "ಏನೂ ಆಗದಿದ್ದರೆ ಏಕೆ ಕೂಗಿದಿರಿ?" ಎಂಬುದು ಇವಳ ಪ್ರಶ್ನೆ. ಆಗಿದ್ದು ಇಷ್ಟು. ಈ ಆಟದಲ್ಲಿ ಎದುರಾಳಿಯ ಕೋಲಿಗೆ ಹೊಡೆಯಬಹುದು, ಕೋಲು ಹಿಡಿದ ಗ್ಲೌಸಿಗೂ ಹೊಡೆಯಬಹುದು, ತೋಳಿಗೆ ಬಾರಿಸಿದರೆ ತಪ್ಪು. ನಮ್ಮ ಹುಡುಗನೊಬ್ಬ ಬಾರಿಸಿದ್ದ, ಒಂದು ನಿಮಿಷ ಹೊರಗೆ ಕೂರಿಸಿದ್ದರು. ತಂಡಕ್ಕೆ ಒಬ್ಬ ಕಡಿಮೆ ಎಂಬುದನ್ನೇ ಹಾಗೆ ಕೂಗಿ ಎಚ್ಚರಿಸುವುದು. "ಹೊಡೆದವನಿಗೆ ಒಂದು ನಿಮಿಷ ವಿಶ್ರಾಂತಿ, ಹೊಡೆಸಿಕೊಂಡವನು ಓಡುತ್ತಲೇ ಇರಬೇಕು. ಇದು ಯಾವ ನ್ಯಾಯ?" ಎಂದು ಅವಳು ದಾರಿಯುದ್ದಕ್ಕೂ ಕೇಳಿದಳು. ಪಂದ್ಯ ಮುಗಿದ ಮೇಲೆ ಎದುರು ತಂಡದ ಆ ಹುಡುಗನನ್ನು ಹುಡುಕಿ ತೋಳಿಗೆ ಅಮೃತಾಂಜನ ತಿಕ್ಕಿಯೇ ಹೊರಟಿದ್ದಳು ಎಂಬುದನ್ನೂ ದಾಖಲಿಸಬೇಕು. ನಾವು 17-4ರಿಂದ ಸೋತಿದ್ದೆವು.

ಮಾರ್ಚಿನ ಪಂದ್ಯದಲ್ಲಿ ಅವಾಂತರ ನನ್ನ ಪಾಲಿಗೆ ಬಂತು. ಫುಟ್‌ಬಾಲ್, ಹಾಕಿ ನೋಡಿ ಬೆಳೆದವನಿಗೆ ಗೋಲಿನ ಹಿಂದೆ ಆಟ ಇರುವುದಿಲ್ಲ ಎಂಬ ನಂಬಿಕೆ ರಕ್ತದಲ್ಲೇ ಇರುತ್ತದೆ. ಲಕ್ರಾಸಿನಲ್ಲಿ ಗೋಲು ಕೊನೆಯ ಗೆರೆಗಿಂತ 45 ಅಡಿ ಒಳಗೆ ನಿಂತಿರುತ್ತದೆ, ಅದರ ಹಿಂದೆಯೇ ಅರ್ಧ ಆಟ. ಫೋಟೊ ಚೆನ್ನಾಗಿ ಬರಲಿ ಎಂದು ನಾನು ಆ ಗೆರೆಯ ಆಚೆ, ಚೆಂಡು ತಡೆಯಲು ಕಟ್ಟಿದ್ದ ಪರದೆ ಎಲ್ಲಿ ಮುಗಿಯುತ್ತದೆಯೋ ಸರಿಯಾಗಿ ಅಲ್ಲಿ ನಿಂತೆ. ಒಂದು ಕೈಯಲ್ಲಿ ಮೊಬೈಲ್, ಇನ್ನೊಂದರಲ್ಲಿ ವಿರಾಮಕ್ಕೆಂದು ತಂದ ಚಿತ್ರಾನ್ನದ ಸ್ಟೀಲ್ ಡಬ್ಬಿ. ಚೆಂಡು ಗಟ್ಟಿ ರಬ್ಬರಿನದು, ತೂಕ ಕ್ರಿಕೆಟ್ ಚೆಂಡಿಗಿಂತ ತುಸುವೇ ಕಡಿಮೆ. ಕಾಲೇಜು ಹುಡುಗರ ಕೋಲಿನಿಂದ ಅದು ಗಂಟೆಗೆ 140 ಕಿಲೋಮೀಟರ್ ವೇಗದಲ್ಲೂ ಹೊರಡಬಲ್ಲದು ಎಂದು ಆಮೇಲೆ ಓದಿದೆ. ಆಗ ಕೇಳಿದ್ದು ಠಣ್ ಎಂಬ ಶಬ್ದ ಮಾತ್ರ. ಡಬ್ಬಿ ಕೈಯಲ್ಲಿರಲಿಲ್ಲ. ಬಿಳಿ ಹಿಮದ ಮೇಲೆ ಅರಿಶಿನದ ಬಣ್ಣದ ಅನ್ನ ಹತ್ತಡಿ ಉದ್ದಕ್ಕೆ ಹರಡಿತ್ತು, ಅಲ್ಲಲ್ಲಿ ಕರಿಬೇವು. ನೋಡಲು ನಿಜಕ್ಕೂ ಚೆನ್ನಾಗಿತ್ತು, ಆದರೆ ಫೋಟೊ ತೆಗೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಆರೇಳು ಹುಡುಗರು ಕೋಲೆತ್ತಿಕೊಂಡು ನನ್ನ ಕಡೆಗೇ ಓಡಿ ಬರುತ್ತಿದ್ದರು. ಪಾಪ, ಎಷ್ಟು ಒಳ್ಳೆಯ ಮಕ್ಕಳು, ವಿಚಾರಿಸಲು ಬರುತ್ತಿದ್ದಾರೆ ಎಂದುಕೊಂಡೆ. ಒಬ್ಬನೂ ನನ್ನತ್ತ ನೋಡಲಿಲ್ಲ. ಎಲ್ಲರೂ ಗೆರೆಯ ಬಳಿ ನಿಂತು ರೆಫರಿಯ ಮುಖ ನೋಡಿದರು. ಗೋಲಿಗೆಂದು ಹೊಡೆದ ಚೆಂಡು ಗುರಿತಪ್ಪಿ ಹೊರಗೆ ಹೋದರೆ, ಅದು ಗೆರೆ ದಾಟುವ ಹೊತ್ತಿಗೆ ಯಾರು ಅದಕ್ಕೆ ಅತಿ ಹತ್ತಿರವಿದ್ದರೋ ಅವರ ತಂಡಕ್ಕೆ ಚೆಂಡು ಎಂಬುದು ಇಲ್ಲಿನ ನಿಯಮ. ಅತಿ ಹತ್ತಿರ ಇದ್ದವನು ನಾನು. ನ್ಯಾಯವಾಗಿ ಚೆಂಡು ನನ್ನದೇ ಆಗಬೇಕಿತ್ತು. ರೆಫರಿ ಎದುರು ತಂಡಕ್ಕೆ ಕೊಟ್ಟರು.

ಡಬ್ಬಿಯ ನೆಗ್ಗು ತಾಯ್ತಂದೆಯರ ನಡುವೆ ಪ್ರಸಿದ್ಧವಾಗಿ, ಅದರೊಳಗೆ ಏನಿತ್ತು ಎಂಬ ಕುತೂಹಲವೂ ಹುಟ್ಟಿತು. ಪಂದ್ಯದ ನಂತರ ಹುಡುಗರಿಗೆ ಊಟ ಕೊಡುವುದು ಇಲ್ಲಿ ಸರದಿಯ ಮೇಲೆ. ನಮ್ಮ ಸರದಿಗೆ ಚಿತ್ರಾನ್ನವೇ ಆಗಲಿ ಎಂದು ಬೇಡಿಕೆ ಬಂತು. ಒಬ್ಬ ಹುಡುಗನಿಗೆ ಶೇಂಗಾ ಅಲರ್ಜಿ ಎಂದು ತಿಳಿದದ್ದು ಹಿಂದಿನ ರಾತ್ರಿ ಹತ್ತಕ್ಕೆ, ಒಗ್ಗರಣೆ ಬಿದ್ದ ಮೇಲೆ. ಎರಡನೇ ಸಲ ಎಲ್ಲವನ್ನೂ ತೊಳೆದು, ಕಡಲೆಬೇಳೆ ಹಾಕಿ ಇಪ್ಪತ್ತು ಜನಕ್ಕೆ ಮಾಡಿದೆವು. ಮೊದಲನೆಯದನ್ನು ಬುಧವಾರದವರೆಗೆ ನಾವಿಬ್ಬರೇ ತಿಂದೆವು. ಹುಡುಗರಿಗೆ ಚಿತ್ರಾನ್ನ ಹಿಡಿಸಿತು. ನಂಚಿಕೊಳ್ಳಲು ಕರಿದ ಮಜ್ಜಿಗೆ ಮೆಣಸನ್ನು ಇಟ್ಟದ್ದು ಮಾತ್ರ ತಪ್ಪಾಯಿತು. ಗೋಲ್‌ಕೀಪರ್ ಅದನ್ನು ಚಿಪ್ಸ್ ಎಂದುಕೊಂಡು ಒಂದು ಹಿಡಿ ಬಾಯಿಗೆ ಹಾಕಿಕೊಂಡ. ಆರಡಿ ಅಗಲ, ಆರಡಿ ಎತ್ತರದ ಗೋಲಿನ ಮುಂದೆ ನಿಂತು ಆ ಚೆಂಡುಗಳಿಗೆಲ್ಲ ಎದೆಯೊಡ್ಡುವ ಆಳು, ಬಸ್ಸಿನ ಮೆಟ್ಟಿಲ ಮೇಲೆ ಕುಳಿತು ಮಗುವಿನಂತೆ ಕಣ್ಣೀರು ಸುರಿಸಿದ. ಹೆಂಡತಿ ಮೊಸರು ತಿನ್ನಿಸಿದಳು.

ಇಷ್ಟರ ನಡುವೆ ತಂಡ ಮೂರು ಪಂದ್ಯ ಗೆದ್ದಿತು. ಅವುಗಳಲ್ಲಿ ಎರಡಕ್ಕೆ ನಾವು ಹೋಗಿರಲಿಲ್ಲ. ಇದನ್ನು ಮೊದಲು ಗಮನಿಸಿದವಳು ಹೆಂಡತಿ. ಮೂರನೆಯದನ್ನು ಕಾರಿನಲ್ಲೇ ಕುಳಿತು, ಮೈದಾನಕ್ಕೆ ಬೆನ್ನು ಹಾಕಿ ಕೇಳಿಸಿಕೊಂಡೆವು.

ಈಗ ಮುಖ್ಯ ವಿಷಯಕ್ಕೆ ಬರಲೇಬೇಕು. ಓಡುವಾಗ ಚೆಂಡು ಬಲೆಯಿಂದ ಬೀಳದಂತೆ ಕೋಲನ್ನು ತೊಟ್ಟಿಲಂತೆ ತೂಗುತ್ತಿರಬೇಕು. ಮಗನ ತೊಟ್ಟಿಲಿನಲ್ಲಿ ಮಗು ನಿಲ್ಲುತ್ತಿರಲಿಲ್ಲ. ಏಪ್ರಿಲಿನ ಒಂದು ವಾರಾಂತ್ಯ ಮನೆಗೆ ಬಂದಾಗ, "ಬಲೆ ಬಿಗಿಯಾಗಿಬಿಟ್ಟಿದೆ" ಎಂದು ಗೊಣಗಿ ಮಲಗಿದ. ದೋಟಿಗೆ ಬಲೆ ಕಟ್ಟಿದ ಕೈಗಳು ಸುಮ್ಮನಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಕುಳಿತು ಕೆಳಗಿನ ದಾರ ಬಿಚ್ಚಿ, ಒಂದಿಷ್ಟು ಸಡಿಲಿಸಿ, ಆಯಿ ಹೂ ಕಟ್ಟುವಾಗ ಹಾಕುವಂಥ ಗಂಟು ಹಾಕಿದೆ. ಅಡುಗೆಮನೆಯಿಂದ ಒಂದು ನಿಂಬೆಹಣ್ಣು ತಂದು ತೂಗಿ ನೋಡಿದೆ. ಬೀಳಲಿಲ್ಲ. ಬೆಳಿಗ್ಗೆ ಮಗನೂ ಅಂಗಳದಲ್ಲಿ ಆಡಿ ನೋಡಿ, "ಪರವಾಗಿಲ್ಲ ಅಪ್ಪ" ಎಂದ. ಹತ್ತೊಂಬತ್ತು ವರ್ಷದ ಮಗನಿಂದ ಬರಬಹುದಾದ ಪ್ರಶಸ್ತಿಗಳಲ್ಲಿ ಇದು ಅತ್ಯುನ್ನತವಾದದ್ದು.

ಮುಂದಿನ ಪಂದ್ಯದ ಕೊನೆಯ ಕ್ವಾರ್ಟರ್. 8-8. ಮಗ ನೆಲದಿಂದ ಚೆಂಡು ಬಾಚಿಕೊಂಡ, ಇಬ್ಬರನ್ನು ದಾಟಿದ, ಹೊಡೆದ. ಗೋಲು! ಅವನ ಜೀವನದ ಮೊದಲ ಗೋಲು. ನಾನು ಬೆಂಚಿನ ಮೇಲೆ ಹತ್ತಿ ನಿಂತು, ಸುತ್ತಲಿನ ಎಲ್ಲ ತಾಯ್ತಂದೆಯರಿಗೂ ಕೇಳುವಂತೆ, "ಆ ಬಲೆ ಕಟ್ಟಿದ್ದು ನಾನು!" ಎಂದು ಕೂಗಿದೆ. ಹಿಂದಿನ ಸಾಲಿನವರು ನನ್ನ ಕೈ ಕುಲುಕಿದರು.

ರೆಫರಿ ಮಗನ ಕೋಲನ್ನು ಕೇಳಿ ಇಸಿದುಕೊಂಡರು. ಬಲೆಯಲ್ಲಿ ಚೆಂಡು ಇಟ್ಟು ಕೋಲನ್ನು ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದರು. ಚೆಂಡಿನ ನೆತ್ತಿ ಚೌಕಟ್ಟಿನ ಕೆಳಅಂಚಿಗಿಂತ ಕೆಳಗೆ ಇಳಿಯಬಾರದು. ಇಳಿದರೆ ಬಲೆ ಅಕ್ರಮ, ಅದರಿಂದ ಬಂದ ಗೋಲೂ ಅಕ್ರಮ. ಅವರು ಒಂದು ಸಲ ನೋಡಿದರು, ಬಗ್ಗಿ ಇನ್ನೊಂದು ಸಲ ನೋಡಿದರು, ಇನ್ನೊಬ್ಬ ರೆಫರಿಯನ್ನೂ ಕರೆದು ತೋರಿಸಿದರು. ಆ ಚೆಂಡು ಬಾವಿಗೆ ಬಿದ್ದ ಕೊಡದಂತೆ ತಳದಲ್ಲಿತ್ತು. ನಾನು ಬೆಂಚಿನಿಂದ ಇಳಿದೆ. ಸದ್ದಿಲ್ಲದೆ ಇಳಿಯಲು ನೋಡಿದೆ, ಆದರೆ ಅದು ಅಲ್ಯೂಮಿನಿಯಂ ಬೆಂಚು.

ಗೋಲು ಅಳಿಸಿದರು. ಮಗನನ್ನು ಹೊರಗೆ ಕೂರಿಸಿದರು. ಬೆಂಚಿನವರು ಒಟ್ಟಿಗೆ "ಮ್ಯಾನ್ ಡೌನ್!" ಎಂದು ಕೂಗಿದರು. ಈ ಸಲ ಹೆಂಡತಿ ಅಲುಗಾಡಲಿಲ್ಲ, ನನ್ನ ಕಡೆ ತಿರುಗಿ ನೋಡಿದಳು ಅಷ್ಟೇ. ಒಬ್ಬ ಕಡಿಮೆ ಇದ್ದ ಆ ಹೊತ್ತಿನಲ್ಲೇ ಎದುರಿನವರು ಗೋಲು ಹೊಡೆದರು. 9-8. ಮನೆಗೆ ಒಂದೂವರೆ ಗಂಟೆಯ ದಾರಿ. ಕಾರಿನಲ್ಲಿ ಮಾತಾಡಿದ್ದು ದಾರಿ ತೋರಿಸುವ ಮೊಬೈಲ್ ಒಂದೇ.

ಋತು ಮುಗಿದ ಮೇಲೆ ಕಾಲೇಜಿನವರು ಪ್ರತಿ ಆಟಗಾರನ ಅಂಕಿಅಂಶ ಪ್ರಕಟಿಸಿದರು. ತಂಡ: ಗೆಲುವು 3, ಸೋಲು 12. ನಮ್ಮವನ ಹೆಸರಿನ ಮುಂದೆ ಗೋಲು 0, ನೆಲದಿಂದ ಬಾಚಿದ ಚೆಂಡು 9, ಶಿಕ್ಷೆ 1. ಆ ಒಂದನ್ನು ನನ್ನ ಹೆಸರಿಗೆ ವರ್ಗಾಯಿಸಲು ಆ ಪಟ್ಟಿಯಲ್ಲಿ ಅವಕಾಶವಿಲ್ಲ.

ಮೇ ತಿಂಗಳಲ್ಲಿ ಮಗ ಮನೆಗೆ ಬಂದಾಗ ಆಯಿ ಕರೆ ಮಾಡಿದಳು.

"ಎಷ್ಟು ಗೋಲು ಹೊಡೆದೆಯೋ ಮಾಣಿ?"

"ಒಂದು ಹೊಡೆದೆ ಅಜ್ಜಿ. ಲೆಕ್ಕಕ್ಕೆ ಸೇರಲಿಲ್ಲ. ಬಲೆ ಕಟ್ಟಿದ್ದು ಅಪ್ಪ."

ಆಯಿ ಕೆಮ್ಮು ಬರುವಷ್ಟು ನಕ್ಕಳು. "ಅವನ ಕೈಗೆ ಏಕೆ ಕೊಟ್ಟೆ? ಅವನು ಕಟ್ಟಿದ ದೋಟಿಯ ಬಲೆ ಮೊಳದುದ್ದ ಜೋಲುತ್ತಿತ್ತು. ಒಳಗೆ ಬಿದ್ದ ಮಾವಿನಹಣ್ಣು ತೆಗೆಯುವುದಕ್ಕೆ ನಿನ್ನ ಅಜ್ಜ ಕತ್ತರಿ ಹಿಡಿದುಕೊಂಡೇ ತೋಟಕ್ಕೆ ಹೋಗುತ್ತಿದ್ದರು."