ಬೈಯೋಕಾದ್ರೂ ಒಬ್ಬ ಮೇಯರ್ ಕೊಡ್ರಪ್ಪ

ಬೆಳಿಗ್ಗೆ ಹಾಲು ತರೋಕೆ ಹೋದೋನು ತಲೆ ಕೆಡಿಸ್ಕೊಂಡು ಬಂದಿದೀನಿ. ನಮ್ಮ ಕ್ರಾಸ್ ಕೊನೇಲಿ ಟ್ರಾನ್ಸ್‌ಫಾರ್ಮರ್ ಕೆಳಗೆ ಕಸದ ಗುಡ್ಡೆ ಇದ್ಯಲ್ಲ, ನಾನು ಫೋಟೋ ಹಾಕಿ ಹಾಕಿ ನಿಮ್ಮಲ್ಲಿ ಅರ್ಧ ಜನ ನನ್ನ ಅನ್‌ಫಾಲೋ ಮಾಡಿದ್ರಲ್ಲ, ಅದೇ ಗುಡ್ಡೆ. ಅದರ ಮುಂದೆ ಒಬ್ಬ ಮಹಾಶಯ, ಕಾಲಲ್ಲಿ ವಾಕಿಂಗ್ ಶೂ, ಕೈಲಿ ನಾಯಿ ಹಗ್ಗ, ಪೌರಕಾರ್ಮಿಕ ಹೆಂಗಸೊಬ್ಬರಿಗೆ ಬಾಯಿಗೆ ಬಂದ ಹಾಗೆ ಬೈತಿದ್ದ. "ಟ್ಯಾಕ್ಸ್ ಕಟ್ತೀವಿ ಕಣಮ್ಮ ನಾವು, ಪುಕ್ಸಟ್ಟೆ ಏನಲ್ಲ." ಆಯಮ್ಮ ಪೊರಕೆ ನಿಲ್ಲಿಸಿ "ಆಟೋ ಬಂದಿಲ್ಲ ಸಾರ್, ಮೇಸ್ತ್ರಿನ ಕೇಳಿ" ಅಂದ್ರು ಅಷ್ಟೇ. ಈ ಮನುಷ್ಯ ನಿಲ್ಲಿಸಿದ್ರೆ ತಾನೆ! ನಾನು ಮಧ್ಯ ಹೋಗಿ "ಅವರಿಗ್ಯಾಕ್ರೀ ಬೈತೀರ, ಕಸ ಹಾಕಿದ್ದು ಅವರಾ?" ಅಂದೆ. ಅವನು ನನ್ನ ಕಡೆ ತಿರುಗಿ ಕೇಳಿದ, "ಸರಿ, ಮತ್ತೆ ಯಾರಿಗೆ ಬೈಲಿ? ಹೇಳಿ ನೀವೇ."

ಬಾಯಿಗೆ ಒಂದು ಹೆಸರು ಬರ್ಲಿಲ್ಲ ಕಣ್ರೀ. ವಾರ್ಡ್ ಕಮಿಟಿ ಹುಚ್ಚ ಅಂತ ಮನೆಯವಳ ಹತ್ರ ಬಿರುದು ತಗೊಂಡಿರೋನು ನಾನು.

ಯಾಕಂದ್ರೆ ಮೇಸ್ತ್ರಿನ ಕೇಳಿದ್ರೆ ಇನ್ಸ್‌ಪೆಕ್ಟರ್ ಅಂತಾನೆ, ಇನ್ಸ್‌ಪೆಕ್ಟರ್ ಇಂಜಿನಿಯರ್ ಅಂತಾರೆ, ಇಂಜಿನಿಯರು ಈಗ ಕಸ ನಮ್ದಲ್ಲ ಸಾರ್ ಅಂತಾರೆ, ಆಮೇಲೆ ಒಂದು ಆ್ಯಪು, ಆ್ಯಪಲ್ಲಿ ಕಂಪ್ಲೇಂಟ್ ಹಾಕಿದ್ರೆ ಸಂಜೆಗೆ 'ಪರಿಹರಿಸಲಾಗಿದೆ' ಅಂತ ಮೆಸೇಜು, ಗುಡ್ಡೆ ಮಾತ್ರ ಅಲ್ಲೇ. ಇದರಲ್ಲಿ ಒಬ್ಬರನ್ನಾದ್ರೂ ನಾವು ಓಟ್ ಹಾಕಿ ಕೂರಿಸಿದೀವಾ? ಒಬ್ಬರನ್ನಾದ್ರೂ ಕೆಳಗೆ ಇಳಿಸೋಕಾಗುತ್ತಾ? ಇಲ್ಲ. ಅದಕ್ಕೇ ಬೈಗುಳ ಎಲ್ಲ ಪೊರಕೆ ಹಿಡಿದೋರ ತಲೆ ಮೇಲೆ ಬೀಳ್ತಿರೋದು.

2020ರ ಸೆಪ್ಟೆಂಬರ್ 10ಕ್ಕೆ ಬಿಬಿಎಂಪಿ, ಅಂದ್ರೆ ನಮ್ಮ ಬೆಂಗಳೂರು ಪಾಲಿಕೆ, ಅದರ ಕೌನ್ಸಿಲ್ ಅವಧಿ ಮುಗೀತು. ಆವತ್ತು ಮೇಯರ್ ಆಗಿದ್ದೋರು ಗೌತಮ್ ಕುಮಾರ್. ಆಮೇಲೆ ಬಂದಿದ್ದು ಸರ್ಕಾರ ಕೂರಿಸಿದ ಐಎಎಸ್ ಆಡಳಿತಾಧಿಕಾರಿಗಳು. ಐದು ವರ್ಷ ಮುಗಿಯೋದ್ರೊಳಗೆ ಹೊಸ ಚುನಾವಣೆ ಆಗಿರ್ಬೇಕು ಅಂತ ಸಂವಿಧಾನದಲ್ಲೇ ಇದೆ, 1992ರ 74ನೇ ತಿದ್ದುಪಡಿ. 2020ರ ಡಿಸೆಂಬರಲ್ಲಿ ಹೈಕೋರ್ಟು 198 ವಾರ್ಡಿಗೆ ಬೇಗ ಚುನಾವಣೆ ಮಾಡಿ ಅಂದ್ರೆ ಅದೇ ತಿಂಗಳು ಸುಪ್ರೀಂ ಕೋರ್ಟಲ್ಲಿ ತಡೆ ಸಿಕ್ತು. ಆಮೇಲೆ ವಾರ್ಡ್ 243 ಅಂದ್ರು, ಮೀಸಲಾತಿ ಪಟ್ಟಿ ಅಂದ್ರು, ಮತ್ತೆ ವಾರ್ಡ್ ಗಡಿ ಅಂದ್ರು. ಯಡಿಯೂರಪ್ಪ, ಬೊಮ್ಮಾಯಿ, ಸಿದ್ದರಾಮಯ್ಯ, ಎಲ್ಲರ ಕಾಲಾನೂ ನೋಡಿದ್ವಿ. ಈ ಒಂದು ವಿಷಯದಲ್ಲಿ ಎಲ್ಲಾ ಪಕ್ಷದೋರೂ ಅಣ್ಣತಮ್ಮಂದಿರ ಹಾಗೆ ಒಗ್ಗಟ್ಟು.

ಈಗ ಸ್ವಲ್ಪ ದೂರ ಹೋಗ್ತೀನಿ, ಸಹಿಸ್ಕೊಳ್ಳಿ. ನಮ್ಮಕ್ಕನ ಮಗ ಅಮೆರಿಕಾದ ಇಂಡಿಯಾನಾದಲ್ಲಿ ಓದಿದ್ದು ಗೊತ್ತಲ್ಲ, ಸೌತ್ ಬೆಂಡ್ ಅಂತ ಊರು, ನೋತ್ರ್ ಡೇಮ್ ಯೂನಿವರ್ಸಿಟಿ ಪಕ್ಕ. ಜನಸಂಖ್ಯೆ ಒಂದು ಲಕ್ಷ ಆಸುಪಾಸು. ಸ್ಟುಡ್‌ಬೇಕರ್ ಅಂತ ಕಾರ್ ಫ್ಯಾಕ್ಟರಿ ಇತ್ತಂತೆ, 1963ರಲ್ಲಿ ಮುಚ್ಚಿದ ಮೇಲೆ ಊರೇ ಸೊರಗಿಹೋಯ್ತು. (ನಮ್ಮ ಮಾವ ಎಚ್‌ಎಂಟಿಲಿ ಇದ್ದೋರು, ಈ ಕಥೆ ಕೇಳಿ ಪೂರ್ತಿ ಒಂದು ದಿನ ಮಂಕಾಗಿದ್ರು.) ಆ ಊರಿಗೆ 2012ರ ಜನವರಿ 1ಕ್ಕೆ ಮೇಯರ್ ಆಗಿದ್ದು ಪೀಟ್ ಬೂಟಜಜ್ ಅನ್ನೋ ಹುಡುಗ, ವಯಸ್ಸು 29. ಜನ ನೇರವಾಗಿ ಓಟ್ ಹಾಕಿ ನಾಲ್ಕು ವರ್ಷಕ್ಕೆ ಆರಿಸಿದ್ದು, 2015ರಲ್ಲಿ ಇನ್ನೊಂದ್ಸಲ, ಅದೂ ನೂರಕ್ಕೆ 80ಕ್ಕಿಂತ ಜಾಸ್ತಿ ಓಟಲ್ಲಿ. ಒಟ್ಟು ಎಂಟು ವರ್ಷ ಒಬ್ಬನೇ ಮೇಯರು. ಅಷ್ಟು ಹೊತ್ತಿಗೆ ನಮ್ಮಲ್ಲಿ? 2015ರಿಂದ 2020ರ ಐದೇ ವರ್ಷದಲ್ಲಿ ಮಂಜುನಾಥ ರೆಡ್ಡಿ, ಪದ್ಮಾವತಿ, ಸಂಪತ್ ರಾಜ್, ಗಂಗಾಂಬಿಕೆ, ಗೌತಮ್ ಕುಮಾರ್, ಐದು ಜನ. ಒಬ್ಬೊಬ್ಬರಿಗೆ ಒಂದೊಂದು ವರ್ಷ. ಮೊದಲ ಮೂರು ತಿಂಗಳು ಹಾರ ಶಾಲು, ಕೊನೆ ಮೂರು ತಿಂಗಳು ಮುಂದಿನೋರು ಯಾರು ಅನ್ನೋ ಗುಸುಗುಸು, ಮಧ್ಯದಲ್ಲಿ ಉಳಿದಿದ್ದು ಕೆಲಸ.

ನಾನೇನು ಆ ಬೂಟಜಜ್ ಅಭಿಮಾನಿ ಅಲ್ಲ ಮತ್ತೆ. ಅಕ್ಕನ ಮಗ ಅವನನ್ನ ಹೊಗಳೋದಕ್ಕಿಂತ ಬೈದಿದ್ದೇ ಜಾಸ್ತಿ. ಬಂದ ವರ್ಷವೇ ಎಡವಟ್ಟು. ಊರಿನ ಮೊದಲ ಕಪ್ಪುಜನಾಂಗದ ಪೊಲೀಸ್ ಮುಖ್ಯಸ್ಥ ಡ್ಯಾರಿಲ್ ಬಾಯ್ಕಿನ್ಸ್. ಇಲಾಖೆಯೊಳಗೆ ಅಧಿಕಾರಿಗಳ ಫೋನ್ ಮಾತು ಅವರಿಗೇ ಗೊತ್ತಿಲ್ದ ಹಾಗೆ ರೆಕಾರ್ಡ್ ಆಗ್ತಿತ್ತು ಅಂತ ಫೆಡರಲ್ ತನಿಖೆ ಬಂತು. ಮೇಯರು ರಾಜೀನಾಮೆ ಕೊಡಿ ಅಂದ್ರು, ಆಯಪ್ಪ ಕೊಟ್ಟ, ಆಮೇಲೆ ವಾಪಸ್ ತಗೊಂಡ, ಕೊನೆಗೆ ಹಿಂಬಡ್ತಿ ಮಾಡಿದ್ರು. ಕೇಸ್ ಮೇಲೆ ಕೇಸು. ಆ ಟೇಪಲ್ಲಿ ಏನಿದೆ ತೋರ್ಸಿ ಅಂತ ಕೌನ್ಸಿಲ್ ಪಟ್ಟು, ಕಾನೂನು ಅಡ್ಡ ಬರುತ್ತೆ ಅಂತ ಮೇಯರ್ ಪಟ್ಟು, ವರ್ಷಗಟ್ಟಲೆ ನಡೀತು. ಆಮೇಲೆ ಪಾಳು ಮನೆಗಳ ಯೋಜನೆ, 1000 ದಿನದಲ್ಲಿ 1000 ಮನೆ ಒಂದೋ ರಿಪೇರಿ ಒಂದೋ ನೆಲಸಮ. ಗುರಿ ಮುಟ್ಟಿದ್ರು, ಆದ್ರೆ ಏಟು ಬಿದ್ದಿದ್ದು ಕಪ್ಪು ಜನ, ಲ್ಯಾಟಿನೋ ಜನ ಇರೋ ಬೀದಿಗಳಿಗೇ ಜಾಸ್ತಿ ಅಂತ ಆಕ್ಷೇಪ. ಡೌನ್‌ಟೌನಲ್ಲಿ ಒನ್‌ವೇ ರಸ್ತೆಗಳನ್ನ ಟೂವೇ ಮಾಡಿ ಫುಟ್‌ಪಾತ್ ಸರಿ ಮಾಡೋಕೆ 2.5 ಕೋಟಿ ಡಾಲರ್ ಅಂತೆ. ಇಲ್ಲಿ ನಾವು ಇರೋ ಟೂವೇನೆಲ್ಲ ಒನ್‌ವೇ ಮಾಡ್ತಾ ಫುಟ್‌ಪಾತ್ ಮೇಲೆ ಸ್ಕೂಟರ್ ಓಡಿಸ್ತಾ ಇದೀವಿ, ಇರ್ಲಿ.

ನನಗೆ ಮುಖ್ಯ ಅನ್ಸಿದ್ದು 2019. ಇವನು ಆಗಲೇ ಅಮೆರಿಕಾ ಅಧ್ಯಕ್ಷ ಸ್ಥಾನಕ್ಕೆ ನಿಲ್ತೀನಿ ಅಂತ ದೇಶ ಸುತ್ತಾ ಇದ್ದ, ಜೂನಲ್ಲಿ ಊರಲ್ಲಿ ಒಬ್ಬ ಪೊಲೀಸು ಕಪ್ಪುಜನಾಂಗದ ವ್ಯಕ್ತಿನ ಗುಂಡು ಹಾರಿಸಿ ಕೊಂದ, ಆ ಪೊಲೀಸಿನ ಬಾಡಿ ಕ್ಯಾಮೆರಾ ರೆಕಾರ್ಡೇ ಮಾಡಿರ್ಲಿಲ್ಲ. ಮೇಯರು ಪ್ರಚಾರ ಬಿಟ್ಟು ಓಡಿ ಬರಬೇಕಾಯ್ತು. ಸಭೆ ಕರೆದ್ರು, ಜನ ಮುಖಕ್ಕೆ ಮುಖ ಕೊಟ್ಟು ಕೂಗಾಡಿದ್ರು, ಕೂತು ಕೇಳಿಸ್ಕೊಂಡ. ಕೆಲವೇ ದಿನಕ್ಕೆ ಟಿವಿ ಚರ್ಚೆಲಿ ನೇರ ಪ್ರಶ್ನೆ ಬಂತು: ಊರಲ್ಲಿ ಕಾಲು ಭಾಗ ಕಪ್ಪು ಜನ ಇದಾರೆ, ಪೊಲೀಸ್ ಪಡೆಲಿ ನೂರಕ್ಕೆ 6 ಜನ, ನಿಮ್ಮ ಕಾಲದಲ್ಲಿ ಯಾಕೆ ಸರಿಹೋಗ್ಲಿಲ್ಲ? ಅವನು ಹೇಳಿದ್ದು, ನನ್ನ ಕೈಲಿ ಆಗ್ಲಿಲ್ಲ, ಅದಕ್ಕೆ.

ನನ್ನ ಕೈಲಿ ಆಗ್ಲಿಲ್ಲ! ಇಡೀ ದೇಶ ನೋಡೋ ಟಿವಿಲಿ! ನಮ್ಮೂರಲ್ಲಿ ಯಾರ ಬಾಯಲ್ಲಾದ್ರೂ ಕೇಳಿದೀರಾ ಈ ಮಾತನ್ನ? ಪಾಪ, ಹೇಳೋಕೆ ಜಾಗದಲ್ಲಿ ಯಾರಾದ್ರೂ ಇರ್ಬೇಕಲ್ಲ. ಒಂದು ಲಕ್ಷ ಜನದ ಊರಿನ ಮೇಯರ್ ಪೊಲೀಸ್ ಮುಖ್ಯಸ್ಥನ್ನ ಇಳಿಸಿ ಕೆಟ್ಟ ಹೆಸರು ತಗೋತಾನೆ, 2011ರ ಜನಗಣತಿಲೇ 84 ಲಕ್ಷ ಇದ್ದ ನಮ್ಮೂರಿನ ಮೇಯರು ಒಬ್ಬ ಕಾನ್‌ಸ್ಟೇಬಲ್‌ನ ಟ್ರಾನ್ಸ್‌ಫರ್ ಮಾಡೋಕಾಗಲ್ಲ. ಪೊಲೀಸು ಗೃಹ ಇಲಾಖೆದು, ನೀರು ಜಲಮಂಡಳಿದು, ಕರೆಂಟು ಬೆಸ್ಕಾಂದು, ಬಸ್ಸು ಬಿಎಂಟಿಸಿದು, ಲೇಔಟು ಬಿಡಿಎದು. ಉಳಿದಿದ್ದು ಗೌನು. ಗೌನ್ ಹಾಕೊಂಡು 'ಪೂಜ್ಯ ಮಹಾಪೌರರೇ' ಅಂತ ಕರೆಸ್ಕೊಂಡು ಒಂದು ವರ್ಷ ಕೂರೋದು. ಈಗ ಆ ಗೌನೂ ಬೀರುಲಿ.

ನೀವು ಹೇಳೋದೂ ಗೊತ್ತು ನನಗೆ. ಕಾರ್ಪೊರೇಟರ್‌ಗಳೇನು ಹರಿಶ್ಚಂದ್ರನ ಮೊಮ್ಮಕ್ಕಳಾ, ಕಂಟ್ರಾಕ್ಟರ್‌ಗಳ ಜೊತೆ ಸೇರಿ ತಿಂದೋರು ತಾನೆ, ಐಎಎಸ್‌ನೋರೇ ವಾಸಿ ಅಂತ. ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ದಿನಾ ಇದೇ ಪಾರಾಯಣ. ಸರಿ ಸ್ವಾಮಿ, ತಿಂದ್ರು. 2015ರಲ್ಲಿ 198ರಲ್ಲಿ 100 ಗೆದ್ದ ಬಿಜೆಪಿ ಹೊರಗೆ, ಮೇಯರ್ ಆರಿಸೋಕೆ ಓಟಿರೋ ಎಂಎಲ್‌ಎ ಎಂಪಿಗಳು, ರೆಸಾರ್ಟಿಗೆ ಹೋದ ಪಕ್ಷೇತರರು ಎಲ್ಲ ಸೇರಿ ಕಾಂಗ್ರೆಸ್ ಮೇಯರ್ ಆದಾಗ ನಾನೂ ಇಲ್ಲೇ ಉರ್ಕೊಂಡು ಬರೆದಿದ್ದೆ. ಆದ್ರೆ ಈಗ ರಸ್ತೆ ಗುಂಡಿ ಮುಚ್ಚಿತಾ? ಕಮಿಷನ್ ನಿಂತುಹೋಯ್ತಾ? ಮೊದಲು ತಿಂದ್ರೆ ಯಾರು ತಿಂದ್ರು ಅಂತ ಬೀದಿಗೆಲ್ಲ ಗೊತ್ತಾಗ್ತಿತ್ತು, ಈಗ ಫೈಲ್ ನಂಬರ್ ಗೊತ್ತಾದ್ರೆ ಪುಣ್ಯ. ಐದು ವರ್ಷಕ್ಕೊಮ್ಮೆ ನಮ್ಮ ಮನೆ ಬಾಗಿಲಿಗೆ ಬಂದು ಕೈಮುಗಿಯೋ ಅವಶ್ಯಕತೆನೇ ಇಲ್ಲದೋರು ವಾಸಿ ಅನ್ನೋದು ಯಾವ ಲಾಜಿಕ್ಕೋ ನನಗಂತೂ ಹೊಳೀಲಿಲ್ಲ.

ಇನ್ನೊಂದು ನೆನಪಾಯ್ತು. ಗಂಗಾಂಬಿಕೆ ಮಲ್ಲಿಕಾರ್ಜುನ್ ಮೇಯರ್ ಆಗಿದ್ದಾಗ, 2019ರಲ್ಲಿ, ಪ್ಲಾಸ್ಟಿಕ್ ನಿಷೇಧ ಅಂತ ಅಂಗಡಿ ಅಂಗಡಿ ದಂಡ ಹಾಕಿಸ್ತಿದ್ರು. ಯಡಿಯೂರಪ್ಪ ಮುಖ್ಯಮಂತ್ರಿ ಆದ್ರು ಅಂತ ಡ್ರೈಫ್ರೂಟ್ಸ್ ಬುಟ್ಟಿ ತಗೊಂಡು ಹೋದ್ರು, ಸುತ್ತಿದ್ದಿದ್ದು ಪ್ಲಾಸ್ಟಿಕ್ಕಲ್ಲಿ. ಊರೆಲ್ಲ ನಕ್ಕಿತು. ಆಯಮ್ಮ 500 ರೂಪಾಯಿ ದಂಡ ಕಟ್ಟಿದ್ರು. ನಾನೂ ಆವತ್ತು ಗೇಲಿ ಮಾಡಿದ್ದೆ, ಈಗ್ಲೂ ನಗು ಬರುತ್ತೆ, ಆದ್ರೆ ನೋಡಿ, ಒಬ್ಬ ಮೇಯರ್ ಕೈಲಿ ದಂಡ ಕಟ್ಟಿಸೋಕೆ ಆಗ್ತಿತ್ತು ಈ ಊರಲ್ಲಿ. ಎಷ್ಟು ಮಜವಾದ ವಿವಾದ ಅದು.

ನಿಜ ಹೇಳ್ಲಾ, ನನಗೆ ನಮ್ಮ ಹಳೇ ಕಾರ್ಪೊರೇಟರ್ ನೆನಪಾಗ್ತಾರೆ. ಅಷ್ಟೇನೂ ಒಳ್ಳೆ ಮನುಷ್ಯ ಅಲ್ಲ. ತಿಂಗಳ ಮೊದಲ ಶನಿವಾರ ವಾರ್ಡ್ ಕಮಿಟಿ ಮೀಟಿಂಗ್ ಅಂತ ಶುರುವಾಗಿದ್ದಾಗ ನನ್ನ ದೂರಿನ ಕಾಗದದ ಚೀಲ ನೋಡಿದ್ರೇ ಮುಖ ಹುಳ್ಳಗೆ ಮಾಡ್ತಿದ್ರು. ದರ್ಶಿನಿಲಿ ಸಿಕ್ಕಿದ್ರೆ ನಾನು ಬಾಯಿ ತೆಗೆಯೋ ಮೊದಲೇ "ಅಣ್ಣಂಗೊಂದು ಕಾಫಿ ಕೊಡ್ರಪ್ಪ" ಅಂತ ಕೂಗಿ, "ಎಸ್ಟಿಮೇಟ್ ಆಗಿದೆ ಅಣ್ಣ, ಟೆಂಡರ್ ಒಂದು ಬಾಕಿ" ಅನ್ನೋರು. ಸುಳ್ಳು ಅಂತ ಇಬ್ರಿಗೂ ಗೊತ್ತು. ಆದ್ರೂ ಎಲ್ಲರ ಎದುರಿಗೆ ನಿಲ್ಲಿಸ್ಕೊಂಡು ಕೇಳ್ತಿದ್ದೆ, ನಾಕು ಜನ ಸೇರೋರು, ಮುಜುಗರಕ್ಕಾದ್ರೂ ಸಂಜೆ ಒಂದು ಜೆಸಿಬಿ ಬರೋದು. ಆ ಮುಜುಗರ ಇದ್ಯಲ್ಲ, ಅದು ಯಾವ ಆ್ಯಪಲ್ಲೂ ಡೌನ್‌ಲೋಡ್ ಆಗಲ್ಲ.

ಈಗ 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿನೇ ಇಲ್ಲ, ಐದು ಪಾಲಿಕೆ, ಅಂದ್ರೆ ಐದು ಮೇಯರ್ ಬರ್ಬೇಕು, ಅವಧಿ 30 ತಿಂಗಳಂತೆ. (2020ರ ಬಿಬಿಎಂಪಿ ಕಾಯ್ದೆಲೂ 30 ತಿಂಗಳು ಅಂತ ಬರೆದಿದ್ರು, ಅದರ ಅಡಿಲಿ ಒಬ್ಬ ಮೇಯರೂ ಹುಟ್ಟಲಿಲ್ಲ.) ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದಕ್ಕೆ ಅಧ್ಯಕ್ಷರು ಮುಖ್ಯಮಂತ್ರಿ. ಅಂದ್ರೆ ಐದು ಜನನ್ನ ಕೂರಿಸಿದ್ರೂ ದೊಡ್ಡ ವಿಷಯಕ್ಕೆಲ್ಲ ಮತ್ತೆ ವಿಧಾನಸೌಧದ ಕಡೆನೇ ಕೈ ತೋರಿಸ್ತಾರೆ.

ಭಾವಿ ಕಾರ್ಪೊರೇಟರ್‌ಗಳಿಗೇನು ಬರ ಇಲ್ಲ ಬಿಡಿ. ರಾಜ್ಯೋತ್ಸವಕ್ಕೊಂದು ಹಬ್ಬಕ್ಕೊಂದು ಫ್ಲೆಕ್ಸು, ಕೈಮುಗಿದ ಫೋಟೋ, ಸುತ್ತ ಹತ್ತು ಜನ ಗೆಳೆಯರ ಬಳಗ. ನಮ್ಮ ಕ್ರಾಸಲ್ಲಿರೋ ಫ್ಲೆಕ್ಸಲ್ಲಿ ಮೊಬೈಲ್ ನಂಬರೂ ಇತ್ತು, 'ನಿಮ್ಮ ಸೇವೆಗೆ ಸದಾ ಸಿದ್ಧ' ಅಂತ ಬೇರೆ. ಮನೆಗೆ ಬಂದು ಹಾಲು ಫ್ರಿಜ್ಜಿಗಿಟ್ಟು ಫೋನ್ ಹಚ್ಚಿದೆ. ಎತ್ತಿದ, ಒಳ್ಳೆ ಹುಡುಗ. ಕಸದ ವಿಷಯ ಪೂರ್ತಿ ಕೇಳಿಸ್ಕೊಂಡು "ಅಂಕಲ್, ಇನ್ನೂ ಟಿಕೆಟ್ ಆಗಿಲ್ಲ" ಅಂದ. ಪರವಾಗಿಲ್ಲಪ್ಪ, ಅಡ್ವಾನ್ಸ್ ಅಂತ ಇಟ್ಕೋ ಅಂತ ಹೇಳಿ ಚೆನ್ನಾಗಿ ಬೈದು ಇಟ್ಟಿದೀನಿ.