ಆಲಿವ್ ಎಣ್ಣೆಯನ್ನು ಟಾನಿಕ್ ಥರ ಅಳೆಯಬೇಡಿ

ಮೊನ್ನೆ ನಾನು ಹಾಕಿದ, ಇಟಲಿಯ ಕೋಳಿ-ಕಾಳಿನ ಸಾರಿನ ಫೋಟೋ ನೋಡಿ ಅರ್ಧ ಜನ ರೆಸಿಪಿ ಕೇಳಿದ್ದೀರಿ. ಇನ್ನರ್ಧ ಜನ "ಅಷ್ಟೊಂದು ಎಣ್ಣೆನಾ?" ಅಂತ ಗಾಬರಿಯಾಗಿದ್ದೀರಿ. ಹೌದು, ಅಷ್ಟೊಂದು ಆಲಿವ್ ಎಣ್ಣೆ. ಅದು ಕುದ್ದು ಮೇಲೆ ತೇಲಿದ್ದಲ್ಲ, ಒಲೆ ಆರಿಸಿದ ಮೇಲೆ ನಾನೇ ಹಸಿಯಾಗಿ ಸುರಿದಿದ್ದು. ಈ ಅಡುಗೆಯಲ್ಲಿ ಮಸಾಲೆ ಅಂತ ಏನಾದರೂ ಇದ್ದರೆ ಅದೇ.

ನಮ್ಮ ಕಡೆ ಆಲಿವ್ ಎಣ್ಣೆಯ ಪಾಡೇ ಬೇರೆ. ನಾನು ಚಿಕ್ಕವಳಿದ್ದಾಗ ಮಂಡ್ಯದ ಮನೆಯಲ್ಲಿ ಅದು ಒಂದು ಪುಟ್ಟ ಡಬ್ಬಿಯಲ್ಲಿ ಇರುತ್ತಿತ್ತು, ತಮ್ಮನಿಗೆ ಎಣ್ಣೆ ತಿಕ್ಕಿ ನೀರು ಹಾಕೋಕೆ. ಈಗ ಹಾರ್ಟಿಗೆ ಒಳ್ಳೇದು ಅಂತ ಅಡುಗೆಮನೆಗೆ ಬಂದಿದೆ, ಆದರೆ ಟಾನಿಕ್ ಥರ ಚಮಚದಲ್ಲಿ ಅಳೆದು ಹಾಕುತ್ತಾರೆ. ಅದೂ ಸಾಸಿವೆ ಸಿಡಿಸೋಕೆ! ಇಂಗು, ಕರಿಬೇವು, ಒಣಮೆಣಸು ಬಿದ್ದ ಮೇಲೆ ಅಲ್ಲಿ ಆಲಿವ್ ರುಚಿ ಎಲ್ಲಿ ಉಳಿಯುತ್ತೆ ಹೇಳಿ? ಅದಕ್ಕೆ ಕಡಲೆಕಾಯಿ ಎಣ್ಣೆಯೇ ಸರಿ, ದುಡ್ಡೂ ಉಳಿಯುತ್ತೆ. (ಆಲಿವ್ ಎಣ್ಣೆ ಬಿಸಿ ಮಾಡಲೇಬಾರದು ಅನ್ನೋದು ಮಾತ್ರ ಸುಳ್ಳು. ನಾನಿರುವ ಇಟಲಿಯಲ್ಲಿ ಅದರಲ್ಲೇ ಕರಿಯುತ್ತಾರೆ ಕೂಡ.)

ಫ್ಲಾರೆನ್ಸಿಗೆ ಬಂದ ಮೊದಲ ನವೆಂಬರಿನಲ್ಲಿ ಕೆಳಗಿನ ಮನೆಯ ಅಜ್ಜಿ ಒಂದು ತುಂಡು ಸುಟ್ಟ ಬ್ರೆಡ್ಡಿಗೆ ಬೆಳ್ಳುಳ್ಳಿ ಉಜ್ಜಿ, ಮೇಲೆ ಹೊಸ ಎಣ್ಣೆ ಹುಯ್ದು ಕೈಗೆ ಕೊಟ್ಟರು. ಅಕ್ಟೋಬರ್-ನವೆಂಬರಿನಲ್ಲಿ ಇಲ್ಲಿ ಆಲಿವ್ ಕೊಯ್ಲು, ಆಗ ತಾನೇ ಗಾಣದಿಂದ ಬಂದಿದ್ದು. ಬಣ್ಣ ಹಸಿರು, ಸ್ವಲ್ಪ ಮಬ್ಬು, ಹುಲ್ಲು ಕೊಯ್ದ ಹಾಗೆ ವಾಸನೆ. ಬಾಯಿಗಿಟ್ಟರೆ ಮೊದಲು ಏನೂ ಇಲ್ಲ. ಎರಡು ಕ್ಷಣ ಬಿಟ್ಟು ಗಂಟಲಲ್ಲಿ ಕಾಳುಮೆಣಸು ಸಿಕ್ಕಿಕೊಂಡ ಹಾಗೆ ಚುರ್ ಅಂದು ಕೆಮ್ಮು ಬಂತು. ಎಣ್ಣೆ ಕೆಟ್ಟಿದೆ ಅಂದುಕೊಂಡೆ. ಅಜ್ಜಿಗೆ ಖುಷಿಯೋ ಖುಷಿ, "ಪಿತ್ಸಿಕಾ, ಪಿತ್ಸಿಕಾ" ಅಂತ ಕೈ ತಟ್ಟಿದರು. ಚುರುಗುಟ್ಟುತ್ತೆ ಅಂತ ಅರ್ಥ, ಅಂದರೆ ಒಳ್ಳೇ ಎಣ್ಣೆ. ಒಲಿಯೊಕ್ಯಾಂಥಾಲ್ ಅನ್ನೋ ಅಂಶ ಹಾಗೆ ಮಾಡೋದು, ಎಣ್ಣೆ ಹಳೆಯದಾದಷ್ಟೂ ಅದು ಇಳಿಯುತ್ತೆ. ಈ ಚುರುಕನ್ನು ಕುದಿಸಿ ಹಾಳುಮಾಡಬಾರದು ಅಂತಲೇ ಕೊನೆಯಲ್ಲಿ ಹಾಕೋದು.

ಸರಿ, ಅಡುಗೆಗೆ ಬರೋಣ. ಮೊದಲು ನಾನು ಮಾಡಿದ ಎಡವಟ್ಟು ಹೇಳಿಬಿಡುತ್ತೇನೆ. ಮೊದಲ ಸಲ ಆರು ಜನರನ್ನು ಊಟಕ್ಕೆ ಕರೆದಿದ್ದೆ. ನೆನೆಸಿದ ಕಾಳು, ಕೋಳಿ, ಟೊಮೇಟೊ ಎಲ್ಲ ಒಂದೇ ಪಾತ್ರೆಗೆ ಸುರಿದು ಸಣ್ಣ ಉರಿಯಲ್ಲಿಟ್ಟು ಹರಟೆಗೆ ಕೂತೆ. ಒಂದೂವರೆ ಗಂಟೆ ಆಯಿತು, ಕಾಳು ಬೇಯಲಿಲ್ಲ. ಎರಡೂವರೆ ಗಂಟೆ ಆಯಿತು, ಕೋಳಿ ಮೂಳೆ ಬಿಟ್ಟು ನಾರುನಾರಾಗಿದೆ, ಕಾಳು ಮಾತ್ರ ಹಲ್ಲಿಗೆ ಟಕ್ ಅನ್ನುತ್ತೆ. ತೀರ್ಥಹಳ್ಳಿಯ ಗೆಳೆಯ ಒಂದು ಕಾಳು ಬಾಯಿಗೆ ಹಾಕಿಕೊಂಡು "ಎಂತ ಮಾರಾಯ್ತಿ ಇದು, ಗೋಲಿ ಆಡುವುದಾ?" ಅಂದ. ರಾತ್ರಿ ಹತ್ತೂವರೆಗೆ ಎಲ್ಲರೂ ಮೊಟ್ಟೆ ಬ್ರೆಡ್ ತಿಂದು ಮಲಗಿದೆವು. ತಪ್ಪು ಟೊಮೇಟೊದ್ದು. ಹುಳಿ ಇದ್ದರೆ ಕಾಳಿನ ಸಿಪ್ಪೆ ಬೇಗ ಮೆತ್ತಗಾಗೋದಿಲ್ಲ. ಹುಣಸೆಹುಳಿ ಹಿಂಡುವ ಮುಂಚೆ ಬೇಳೆ ಬೇಯಿಸೋದು ನಮ್ಮಮ್ಮ ದಿನಾ ಮಾಡೋ ಕೆಲಸ, ನನಗೆ ಆವತ್ತು ಹೊಳೆಯಲೇ ಇಲ್ಲ ನೋಡಿ.

ಈಗ ಮಾಡೋದು ಹೀಗೆ. ಕನ್ನೆಲ್ಲೀನಿ ಅನ್ನೋ ಬಿಳಿ ಕಾಳು, ರಾಜ್ಮಾದ ಜಾತಿಯೇ, 300 ಗ್ರಾಂ. ಹಿಂದಿನ ರಾತ್ರಿ ನೀರಲ್ಲಿ ನೆನೆಸಿ, ಆ ನೀರಿಗೆ ಒಂದು ಚಮಚ ಉಪ್ಪು ಹಾಕಿ. ಉಪ್ಪು ಹಾಕಿದರೆ ಕಾಳು ಬೇಯಲ್ಲ ಅನ್ನೋದು ಹಳೇ ಮಾತು, ನಿಜ ಹೇಳಬೇಕೆಂದರೆ ಸಿಪ್ಪೆ ಇನ್ನೂ ಮೆತ್ತಗಾಗುತ್ತೆ. ಬೆಳಗ್ಗೆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೊದಲ ಹತ್ತು ನಿಮಿಷ ಕೊತಕೊತ ಕುದಿಸಿ. ಇದನ್ನು ತಪ್ಪಿಸಬೇಡಿ, ರಾಜ್ಮಾ ಜಾತಿಯ ಕಾಳು ಅರೆಬೆಂದರೆ ವಾಂತಿ ಗ್ಯಾರಂಟಿ. ಆಮೇಲೆ ಉರಿ ಇಳಿಸಿ, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ನಾಲ್ಕು ಸೇಜ್ ಎಲೆ, ಒಂದಿಷ್ಟು ಎಣ್ಣೆ ಹಾಕಿ ಒಂದು ಗಂಟೆಯೋ ಒಂದೂವರೆ ಗಂಟೆಯೋ ಬಿಡಿ. ಸೇಜ್ ಸಿಗದಿದ್ದರೆ ಬಿಟ್ಟುಬಿಡಿ. ಕರಿಬೇವು ಹಾಕಿ ಅದರ ಜಾಗ ತುಂಬಬೇಡಿ ಅಷ್ಟೇ. ಕಾಳು ಬೆಂದ ಕಟ್ಟನ್ನು ಚೆಲ್ಲಬೇಡಿ, ಬಸ್ಸಾರು ಮಾಡುವವರಿಗೆ ಇದನ್ನು ಹೇಳಬೇಕಿಲ್ಲ ಅಲ್ವಾ.

ಇನ್ನೊಂದು ದಪ್ಪ ತಳದ ಪಾತ್ರೆಯಲ್ಲಿ ಕೋಳಿಯ ಕಾಲು-ತೊಡೆ ಒಂದು ಕೆಜಿ, ಉಪ್ಪು ಸವರಿ ಚರ್ಮ ಕೆಂಪಗಾಗುವ ತನಕ ಹುರಿದು ತೆಗೆದಿಡಿ. ಎದೆಯ ಪೀಸ್ ಬೇಡ, ಒಣಗಿ ರಟ್ಟಿನ ಹಾಗಾಗುತ್ತೆ. ಅದೇ ಪಾತ್ರೆಯಲ್ಲಿ ಸಣ್ಣಗೆ ಹೆಚ್ಚಿದ ಈರುಳ್ಳಿ, ಕ್ಯಾರೆಟ್, ಸೆಲರಿ. ಇದಕ್ಕೆ ಸೊಫ್ರಿತ್ತೊ ಅಂತಾರೆ. ಐದು ನಿಮಿಷದಲ್ಲಿ ಮುಗಿಸೋ ಒಗ್ಗರಣೆ ಅಲ್ಲ ಇದು, ಇಪ್ಪತ್ತು ನಿಮಿಷ ಸಣ್ಣ ಉರಿಯಲ್ಲಿ ಬಾಡಬೇಕು, ಸೀಯಬಾರದು. ಇಲ್ಲೇ ನಮ್ಮವರು ಸೋಲೋದು. ಬೇಗ ಮುಗಿಸಿ, ರುಚಿ ಬರಲಿಲ್ಲ ಅಂತ ಗರಂ ಮಸಾಲ ಡಬ್ಬಿ ಹುಡುಕುತ್ತಾರೆ. ಆಮೇಲೆ ಟೊಮೇಟೊ, ಒಂದು ಕಡ್ಡಿ ರೋಸ್‌ಮೇರಿ, ಕೋಳಿ, ಮುಕ್ಕಾಲು ಗಂಟೆ. ಬೆಂದ ಕಾಳು, ಅದರ ಕಟ್ಟು, ಇನ್ನು ಹದಿನೈದು ನಿಮಿಷ. ಒಂದು ಸೌಟು ಕಾಳು ಮಸೆದು ಹಾಕಿದರೆ ಸಾರು ತಾನಾಗಿಯೇ ಗಟ್ಟಿಯಾಗುತ್ತೆ. ಒಲೆ ಆರಿಸಿ, ಹತ್ತು ನಿಮಿಷ ಬಿಟ್ಟು, ಪ್ರತಿ ತಟ್ಟೆಗೂ ಧಾರಾಳವಾಗಿ ಹಸಿ ಎಣ್ಣೆ. ಜೊತೆಗೆ ಇಲ್ಲಿನ ಉಪ್ಪಿಲ್ಲದ ಬ್ರೆಡ್. ಆ ಬ್ರೆಡ್ಡನ್ನು ಬರೀ ತಿಂದವರು ಬೈಯುತ್ತಾರೆ, ಈ ಸಾರಲ್ಲಿ ಅದ್ದಿದವರು ಬೈಯಲ್ಲ.

ಫ್ಲಾರೆನ್ಸ್ ಇರುವ ಸೀಮೆಯಾದ ತೋಸ್ಕಾನಾದವರನ್ನು ಇಟಲಿಯ ಉಳಿದವರು "ಮಾಂಜಾಫಜೋಲಿ", ಅಂದರೆ ಕಾಳು ತಿನ್ನುವವರು ಅಂತ ರೇಗಿಸುತ್ತಾರೆ. ತಮಾಷೆ ಏನೆಂದರೆ ಈ ಬಿಳಿ ಕಾಳೂ, ಟೊಮೇಟೊನೂ ಅಮೆರಿಕದಿಂದ 1492ರ ನಂತರ ಬಂದಿದ್ದು. ಅದಕ್ಕೆ ಮುಂಚೆ ಇವರು ತಿನ್ನುತ್ತಿದ್ದದ್ದು ನಮ್ಮ ಅಲಸಂದೆ! ರೋಮ್‌ನ ಕೊಲೊನ್ನಾ ಅರಮನೆಯಲ್ಲಿ ಅನ್ನಿಬಾಲೆ ಕರಾಚ್ಚಿ ಬಿಡಿಸಿದ ಚಿತ್ರವೊಂದಿದೆ, 1580ರ ದಶಕದ್ದು ಅಂತಾರೆ. ಬಟ್ಟಲ ಮುಂದೆ ಕೂತ ರೈತ, ಬಾಯಿ ತೆರೆದಿದ್ದಾನೆ, ಚಮಚದಿಂದ ಸಾರು ತೊಟ್ಟಿಕ್ಕುತ್ತಿದೆ. ಬಟ್ಟಲಲ್ಲಿರೋದು ಕಪ್ಪು ಕಣ್ಣಿನ ಅಲಸಂದೆ. ಹಾಗಾಗಿ ಊರಲ್ಲಿರುವವರು ಕನ್ನೆಲ್ಲೀನಿ ಸಿಗಲ್ಲ ಅಂತ ಕೊರಗಬೇಡಿ, ಅಲಸಂದೆ ಹಾಕಿ. ಬೇಯೋದೂ ಬೇಗ.

ಖಾರ ಬೇಕು ಅಂತೀರಾ? ಒಂದು ಒಣಮೆಣಸಿನಕಾಯಿ ಮುರಿದು ಹಾಕಿ, ಇವರೂ ಹಾಕುತ್ತಾರೆ. ಮೆಣಸಿನಕಾಯಿಗೆ ಇಲ್ಲಿನ ಹಳಬರು "ಜೆಂಜೆರೊ" ಅಂತಾರೆ, ಇಟಲಿಯ ಬೇರೆ ಕಡೆ ಅದರ ಅರ್ಥ ಶುಂಠಿ. ಇದು ಗೊತ್ತಿಲ್ಲದೆ ನಾನು ಶೀತ ಆದಾಗ ಅಜ್ಜಿಯ ಹತ್ತಿರ ಟೀಗೆ ಜೆಂಜೆರೊ ಕೇಳಿದ್ದೆ. ಅವರು ಎರಡು ಕೆಂಪು ಮೆಣಸಿನಕಾಯಿ ಕೈಲಿಟ್ಟು, ಬಾಗಿಲು ಹಾಕುವ ತನಕ ನನ್ನನ್ನೇ ನೋಡುತ್ತಿದ್ದರು.