ನೆರೆಹೊರೆಯ ಗಂಟೆ

ಮಗುವಿಗೆ ಜೋಂಪು ಹತ್ತಿ, ಅದರ ತಲೆಯಡಿಯಿಂದ ಕೈಯನ್ನು ಒಂದೊಂದೇ ಬೆರಳಾಗಿ ಬಿಡಿಸಿಕೊಳ್ಳುವ ಹೊತ್ತಿಗೇ ಎದುರಿನ ಚರ್ಚಿನವರು ಗಂಟೆ ಬಾರಿಸಬೇಕೆ? ಮಕ್ಕಳಿರುವ ಮನೆಯವರಿಗೆ ನನ್ನ ಸಂಕಟ ಬಿಡಿಸಿ ಹೇಳಬೇಕಿಲ್ಲ. ನಿನ್ನೆಯೂ ಅದೇ ಆಯಿತು. ಮಂಗಳವಾರ ಸಂಜೆ ಏಳೂವರೆ ಎಂದರೆ ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನ ನಮ್ಮ ಹಳ್ಳಿಯಲ್ಲಿ ಗಂಟೆಯ ಅಭ್ಯಾಸ, ಒಂದೂವರೆ ತಾಸು. ಮಗು ಎದ್ದು ಕೂತಿತು, ಒಲೆಯ ಮೇಲಿನ ಅನ್ನ ತಳ ಹಿಡಿಯಿತು. ಮನೆ ತೋರಿಸಿದ ದಲ್ಲಾಳಿ "ಬಹಳ ಪ್ರಶಾಂತವಾದ ಊರು" ಎಂದಿದ್ದ. ಪುಣ್ಯಾತ್ಮ ನಮ್ಮನ್ನು ಕರೆತಂದದ್ದು ಬುಧವಾರ.

ಹಾಡನ್ನಾದರೂ ನುಡಿಸಿದರೆ ಸಹಿಸಿಕೊಳ್ಳಬಹುದಿತ್ತು. ಇಲ್ಲಿನ ಗಂಟೆಗಳಿಗೆ ಹಾಡು ಒಲಿಯುವುದಿಲ್ಲ. ಒಂದೊಂದನ್ನೂ ದೊಡ್ಡ ಚಕ್ರಕ್ಕೆ ಬಿಗಿದಿರುತ್ತಾರೆ. ಹಗ್ಗ ಜಗ್ಗಿದರೆ, ಬಾಯಿ ಮೇಲಾಗಿ ನಿಂತ ಗಂಟೆ ಪೂರ್ತಿ ಒಂದು ಸುತ್ತು ತಿರುಗಿ ಮತ್ತೆ ಬಾಯಿ ಮೇಲಾಗಿಯೇ ನಿಲ್ಲುತ್ತದೆ. ನೂರಾರು ಕಿಲೋ ಕಂಚು ತಿರುಗುವಾಗ ಅದನ್ನು ತುಸು ಬೇಗ ಇಲ್ಲವೇ ತುಸು ತಡ ಮಾಡಬಹುದು, ಅಷ್ಟೇ. ಅಂದರೆ ಸಾಲಿನಲ್ಲಿ ಒಂದು ಸ್ಥಾನ ಹಿಂದಕ್ಕೋ ಮುಂದಕ್ಕೋ ಸರಿಯುವಷ್ಟು. ಹಾಗಾಗಿ ಇಂಗ್ಲಿಷರು ಹಾಡಿನ ಆಸೆ ಬಿಟ್ಟು ಲೆಕ್ಕಕ್ಕೆ ಇಳಿದರು. 1668ರಷ್ಟು ಹಿಂದೆಯೇ ಅದಕ್ಕೊಂದು ಪುಸ್ತಕವೂ ಅಚ್ಚಾಗಿತ್ತು. ಒಮ್ಮೆ ಬಂದ ಕ್ರಮ ಮತ್ತೆ ಬಾರದಂತೆ ಆರು ಗಂಟೆಗಳನ್ನು 720 ಬಗೆಯಲ್ಲಿ ಬಾರಿಸಬಹುದು. ಏಳಾದರೆ 5,040, ಮೂರು ತಾಸಿನ ಕೆಲಸ. ಎಂಟಾದರೆ 40,320. ಇಷ್ಟನ್ನು ಯಾರು ಬಾರಿಸುತ್ತಾರೆ ಎನ್ನಬೇಡಿ. 1963ರಲ್ಲಿ ಲಫ್‌ಬರೋದ ಗಂಟೆ ಎರಕದ ಕಾರ್ಖಾನೆಯಲ್ಲಿ ಎಂಟು ಜನ ಹೆಚ್ಚುಕಡಿಮೆ ಹದಿನೆಂಟು ತಾಸು ನಿಂತು ಬಾರಿಸಿಯೇಬಿಟ್ಟರು. ಅಕ್ಕಪಕ್ಕದ ಮನೆಗಳ ಕೂಸುಗಳ ಪಾಡನ್ನು ಯಾರೂ ಬರೆದಿಟ್ಟಂತಿಲ್ಲ.

ಈ ಜ್ಞಾನವೆಲ್ಲ ಪಕ್ಕದ ಮನೆಯ ಹಿರಿಯರ ಕೃಪೆ. ನಿವೃತ್ತ ಅಂಚೆಯವರು, ಗೋಪುರದ ನಾಲ್ಕನೇ ಹಗ್ಗ ಅವರದು. ಅವರ ಬಾಯಲ್ಲಿ ಸದಾ ಗಂಟೆಗಳ ಸರದಿಯ ಅಂಕಿಗಳೇ. ಕಸದ ಡಬ್ಬ ಹೊರಗಿಡುವಾಗ "ಎರಡು ಒಂದು ನಾಲ್ಕು ಮೂರು ಆರು ಐದು", ಬಸ್ಸಿಗೆ ಕಾಯುವಾಗ "ಎರಡು ನಾಲ್ಕು ಒಂದು ಆರು ಮೂರು ಐದು". ಔಷಧದಂಗಡಿಯ ಹುಡುಗಿ ಮನೆ ನಂಬರು ಕೇಳಿದಾಗ "ನಾಲ್ಕು ಎರಡು ಆರು ಒಂದು ಐದು ಮೂರು" ಎಂದುಬಿಟ್ಟರು. ಪಾಪ, ಅವಳು ಅದನ್ನೇ ಕಂಪ್ಯೂಟರಿನಲ್ಲಿ ಹುಡುಕಿದಳು.

ನಿನ್ನೆ ಅಭ್ಯಾಸ ಮುಗಿಸಿ ಬರುತ್ತಿದ್ದವರನ್ನು ಗೇಟಿನ ಬಳಿ ತಡೆದು, "ಇವತ್ತು ಸ್ವಲ್ಪ ಜೋರಾಗಿಯೇ ಕೇಳಿಸಿತು" ಎಂದೆ. ಈ ಊರಿನಲ್ಲಿ ಇದಕ್ಕಿಂತ ಕಟುವಾಗಿ ಜಗಳ ಆಡುವಂತಿಲ್ಲ.

"ಹೌದೇ! ಹಾಗಾದರೆ ಮೂರನೆಯವಳು ತಡಮಾಡಿದ್ದು ನಿಮಗೂ ಗೊತ್ತಾಯಿತು" ಎಂದು ಹಿಗ್ಗಿದರು. ಗಂಟೆಗಳೆಲ್ಲ ಅವರ ಪಾಲಿಗೆ ಹೆಣ್ಣುಮಕ್ಕಳು. ಆಮೇಲೆ ನಮ್ಮ ಗೇಟಿನ ಆರು ಕಂಬಿಗಳನ್ನು ಆರಿಸಿ, ಬೀಗದ ಕೈಯಿಂದ ಬಡಿಯುತ್ತ, ಯಾರು ಯಾರ ಹಿಂದೆ ಬರಬೇಕಿತ್ತು, ಯಾರು ಎಲ್ಲಿ ಎಡವಿದಳು ಎಂದು ಮೊದಲಿನಿಂದ ತೋರಿಸತೊಡಗಿದರು. ನಾನು ಮೂರನೇ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವರು ಅದನ್ನು ಬಿಟ್ಟು ಏಳನೆಯದಕ್ಕೆ ಹೋದರು. ಮಗು ಎರಡನೇ ಸಲ ಎದ್ದದ್ದು ಆಗ.

ಒಮ್ಮೆ ಗೋಪುರಕ್ಕೂ ಕರೆದೊಯ್ದಿದ್ದರು. ನೆತ್ತಿಯಿಂದ ಇಳಿಬಿದ್ದ ಆರು ಹಗ್ಗಗಳು. ಕೈ ಹಿಡಿಯುವಲ್ಲಿ ಕೆಂಪು, ಬಿಳಿ, ನೀಲಿ ಪಟ್ಟೆಯ ಉಣ್ಣೆಯ ದಪ್ಪ ಹಿಡಿಕೆ. ಏಣಿ ಹತ್ತಿದರೆ ಗಂಟೆಗಳು. ಗ್ಲಾಸ್ಟರಿನ ರಡ್‌ಹಾಲ್ ಮನೆತನದವರು 1684ರಿಂದ ಒಂದೂವರೆ ಶತಮಾನ ಎರಕ ಹೊಯ್ದ ಗಂಟೆಗಳು ಈ ಸೀಮೆಯ ತುಂಬ ಇವೆ. "ಶಾಂತಿ ಮತ್ತು ಒಳ್ಳೆಯ ನೆರೆಹೊರೆ" ಎಂದು ಗಂಟೆಯ ಮೈಮೇಲೆ ಬರೆಸುವುದು ಅವರ ರೂಢಿಯಾಗಿತ್ತು. ನಮ್ಮೂರಿನ ಎರಡನೇ ಗಂಟೆಯ ಮೇಲೂ ಅದೇ ಬರಹ. ಆರರಲ್ಲಿ ಅತಿ ಹೆಚ್ಚು ಕಿವಿಗೆ ಹೊಡೆಯುವುದೂ ಅದೇ.

ಎರಡನೇ ಮಹಾಯುದ್ಧದ ನಡುವೆ, 1940ರ ಜೂನ್‌ನಲ್ಲಿ ಸರ್ಕಾರ ದೇಶದ ಚರ್ಚುಗಳ ಗಂಟೆಗಳನ್ನೆಲ್ಲ ನಿಲ್ಲಿಸಿತ್ತಂತೆ. ಶತ್ರು ಬಂದಿಳಿದರೆ ಮಾತ್ರ ಬಾರಿಸಬೇಕು ಎಂದು ಅಪ್ಪಣೆ. ಈಜಿಪ್ಟಿನ ಎಲ್ ಅಲಮೇನ್ ಕದನ ಗೆದ್ದ ಮೇಲೆ, 1942ರ ನವೆಂಬರಿನ ಒಂದು ಭಾನುವಾರ ಮತ್ತೆ ಮೊಳಗಿದಾಗ ಪಕ್ಕದ ಮನೆಯ ಹಿರಿಯರ ತಾಯಿ ಸೌಟು ಹಿಡಿದೇ ಬೀದಿಗೆ ಓಡಿದ್ದರಂತೆ. ಈಗ ಆರು ಹಗ್ಗಕ್ಕೆ ಆರು ಜನ ಕೂಡುವುದೇ ಕಷ್ಟ. 2023ರಲ್ಲಿ ರಾಜನ ಪಟ್ಟಾಭಿಷೇಕಕ್ಕೆ ಗಂಟೆ ಬಾರಿಸುವವರು ಬೇಕಾಗಿದ್ದಾರೆ ಎಂದು ದೇಶಕ್ಕೆಲ್ಲ ಕರೆ ಕೊಟ್ಟಿದ್ದರು. ಅತ್ತ ನಾನು ಬೆಳೆದ ಊರಿನ ದೇವಸ್ಥಾನದ ಗಂಟೆ, ನಗಾರಿಗಳಿಗೂ ಮೋಟಾರು ಬಂದು ಬಹಳ ಕಾಲವಾಯಿತು. ಮಂಗಳಾರತಿಯ ಹೊತ್ತಿಗೆ ಆ ಹಗ್ಗಕ್ಕಾಗಿ ಕಿತ್ತಾಡುತ್ತಿದ್ದ ಹುಡುಗರಲ್ಲಿ ನಾನೂ ಒಬ್ಬ. ಈಗ ಪೂಜಾರಿ ಸ್ವಿಚ್ಚು ಒತ್ತುತ್ತಾರೆ.

ಅಮ್ಮನಿಗೆ ನಾನು ಫೋನ್ ಮಾಡುವುದು ಭಾನುವಾರ ಬೆಳಿಗ್ಗೆ. ಆಗಲೂ ಇಲ್ಲಿ ಗಂಟೆಯೇ. "ಅಲ್ಲಿ ಇನ್ನೂ ಮಂಗಳಾರತಿ ಮುಗಿಯಲಿಲ್ಲವೇನೋ?" ಎನ್ನುತ್ತಾಳೆ. ಅವಳಿಗೆ ಎಪ್ಪತ್ತು ತುಂಬುವ ವಿಷಯ ಹಿರಿಯರ ಮುಂದೆ ಎಂದೋ ಬಾಯಿ ಜಾರಿತ್ತು. ಇವತ್ತು ಬೆಳಿಗ್ಗೆ ಬಾಗಿಲ ಸಂದಿಯಿಂದ ಚೀಟಿ ಬಂದಿದೆ: ಭಾನುವಾರ ನಿಮ್ಮ ತಾಯಿಯವರ ಗೌರವಾರ್ಥ ಕ್ವಾರ್ಟರ್ ಪೀಲ್ (5,040ರ ಪೂರ್ತಿ ಬಾರಿಸುವಿಕೆಯ ಕಾಲು ಭಾಗ), ಒಟ್ಟು 1,260 ಬಗೆ, ಮುಕ್ಕಾಲು ತಾಸು. ಅಮ್ಮನಿಗೆ ಹೇಳಿದರೆ, "ಫೋನನ್ನು ಕಿಟಕಿಯ ಹತ್ತಿರವೇ ಇಡು, ಪೂರ್ತಿ ಕೇಳಬೇಕು" ಎಂದಳು. ಹೆಂಡತಿ ಆ ಭಾನುವಾರದ ಬಸ್ಸುಗಳ ವೇಳಾಪಟ್ಟಿ ನೋಡುತ್ತಿದ್ದಾಳೆ.